ರೋಗಿಯ ತೂಕ

ಚೀಟಿಯಲ್ಲಿ ಬರೆದಿತ್ತು: ಹೆಸರು ಸೋಮವ್ವ,
ವಯಸ್ಸು ಎರಡು, ತೂಕ ಐನೂರ ನಲವತ್ತು ಕಿಲೋ.
ದುರ್ಗಿಗುಡಿಯ ನನ್ನ ಔಷಧದಂಗಡಿಯಲ್ಲಿ
ಮೂವತ್ತು ವರ್ಷಕ್ಕೆ ಮೊದಲ ಸಲ
ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ.

ಸರ್ಪಸುತ್ತಿನ ಮಾತ್ರೆ. ಹೊತ್ತಿಗೆ ಹದಿನಾರು,
ದಿನಕ್ಕೆ ಮೂರು ಹೊತ್ತು.
"ತೂಕ ಹೇಗೆ ಹಾಕಿದಿರಿ?" ಎಂದೆ.
"ಹೋದ ತಿಂಗಳು, ಮರಳು ಲಾರಿ ತೂಗುವಲ್ಲಿ,"
ಸಕ್ರೆಬೈಲಿನ ಕಾವಾಡಿ ಕುದ್ದೂಸ್ ಹೇಳಿದ.
"ಮುಂಗಾಲೊಂದು ಆಚೆಗಿಟ್ಟಿತ್ತು ಸಾರ್,
ಹತ್ತಿಪ್ಪತ್ತು ಸೇರಿಸಿಕೊಳ್ಳಿ."

ನಾಲಿಗೆ ನೇರಳೆಹಣ್ಣು ತಿಂದ ಹಾಗೆ ಕಪ್ಪಾಗಿದೆಯಂತೆ.
ಇದು ನೇರಳೆ ಕಾಲವಲ್ಲ.

ನಮ್ಮಜ್ಜಿಯ ಸೊಂಟಕ್ಕೆ ಸರ್ಪ ಸುತ್ತಿದಾಗ
ಕೆಮ್ಮಣ್ಣು ಕಲಸಿ ಹಾವು ಬರೆದಿದ್ದರು,
ಹೆಡೆಗೆ ಬಾಲ ಮುಟ್ಟದಂತೆ ನಡುವೆ ಗೆರೆ ಎಳೆದು.
ಆನೆಮರಿಗೆ ಸುತ್ತುವುದು ಅದೇ ಕುಲದ ಇನ್ನೊಂದು,
ಒಳಗೆ, ಹೃದಯಕ್ಕೆ.
ಅಲ್ಲಿ ಗೆರೆ ಎಳೆಯುವವರಾರು?

ಆನೆಗೆಂದೇ ಮಾತ್ರೆ ಯಾರೂ ಮಾಡುವುದಿಲ್ಲ.
ಕೊಳ್ಳುವವರೆಷ್ಟು, ಹೇಳಿ.
ಸ್ಟಾಕಿಸ್ಟು ಲೆಕ್ಕ ಹಾಕುವ ಮೊದಲೇ ನಗುತ್ತಾನೆ.

ಸಂಜೆ ವೆಟರ್ನರಿ ಕಾಲೇಜಿನ ಸುವ್ರತಾ
ಥರ್ಮಕೋಲ್ ಪೆಟ್ಟಿಗೆಯಲ್ಲಿ ಮರಿಯ ರಕ್ತ ಹಿಡಿದು ಬಂದು
ಐಸ್ ಕೇಳಿದಳು.
ಆನೆಯೊಳಗೆ ಅಷ್ಟು ಅಬ್ಬರಿಸುವ ವೈರಸ್ಸು
ಗಾಜಿನ ತಟ್ಟೆಯಲ್ಲಿ ಬೆಳೆಯಲೊಲ್ಲದಂತೆ.
ಬೆಳೆಯದ್ದರ ಮೇಲೆ ಮದ್ದು ಪರೀಕ್ಷಿಸುವುದು ಹೇಗೆ?
ಅದಕ್ಕೇ ಅದರ ಒಂದು ಕಿಣ್ವವನ್ನಷ್ಟೇ ಕದ್ದು
ಬೇರೆ ಜೀವಕೋಶಕ್ಕೆ ಹೊಲಿದು
ಒಂದೊಂದೇ ಮದ್ದು ತೋರಿಸುತ್ತಾರೆ,
ಪೊಲೀಸರು ಫೋಟೋ ತೋರಿಸಿದ ಹಾಗೆ: ಇವನಾ? ಇವನಾ?
ಮುನ್ನೂರು ಮುಗಿದಿವೆ. ಎರಡಕ್ಕೆ ತಲೆಯಾಡಿಸಿದೆ.
"ಎರಡಲ್ಲ ಅಂಕಲ್, ಒಂದೂವರೆ," ಅಂದಳು.
ಆ ಅರ್ಧಕ್ಕೇ ಅವಳ ಮುಖ ಅರಳಿತ್ತು.
ಇನ್ಸುಲಿನ್ ಪಕ್ಕದ ಐಸನ್ನೆಲ್ಲ ಕೊಟ್ಟುಬಿಟ್ಟೆ.

ಹತ್ತನೆಯ ದಿನ ಕುದ್ದೂಸ್ ಬಂದ,
ಅಂಗಿಯ ತುಂಬ ಬಾಳೆದಿಂಡಿನ ಕಲೆ.
ಉಳಿದ ಏಳು ಮಾತ್ರೆ ಕೌಂಟರಿನ ಮೇಲಿಟ್ಟ.
ಕತ್ತರಿಸಿದ ಸ್ಟ್ರಿಪ್ ವಾಪಸ್ ಇಲ್ಲವೆಂಬ
ನನ್ನದೇ ಬೋರ್ಡನ್ನು ಗೋಡೆಗೆ ತಿರುಗಿಸಿದೆ.

ಮರಿ ಬದುಕಿತ್ತು. ಮಾತ್ರೆಯಿಂದಲೋ
ತಾನಾಗಿಯೋ, ಯಾರಿಗೂ ಗೊತ್ತಿಲ್ಲ.
ಒಂದು ಮರಿ ಬದುಕಿದರೆ ಅದು ಪುರಾವೆಯಲ್ಲ
ಅಂದಳಂತೆ ಸುವ್ರತಾ, ಅಂದು
ದಂತವಿಲ್ಲದ ಆ ಬಾಯೊಳಗೆ ಟಾರ್ಚ್ ಬಿಟ್ಟು
ಕೆಂಪು ನಾಲಿಗೆಯನ್ನೇ ನೋಡುತ್ತಾ ನಿಂತಳಂತೆ.

"ಇನ್ನೊಂದಾನೆ ಬಸುರಿ ಸಾರ್," ಮೆಟ್ಟಿಲಿಳಿಯುತ್ತಾ ಅವನೆಂದ,
"ಹದಿನಾಲ್ಕು ತಿಂಗಳಿದೆ ಇನ್ನೂ."
ಸ್ಟ್ರಿಪ್ಪು ತಿರುಗಿಸಿ ಎಕ್ಸ್‌ಪೈರಿ ನೋಡಿದೆ.
ಹದಿಮೂರು.