ಕೆಳಗಿನ ಬಣ್ಣ

ಫೈರ್ ಸ್ಟೇಶನ್ನಿನ ಮಹಡಿಯಲ್ಲಿ
ಮಂಗಳವಾರ ಸಂಜೆ ಏಳಕ್ಕೆ ತರಗತಿ.
ಕೆಳಗೆ ಎರಡು ಕೆಂಪು ಲಾರಿ,
ಮೇಲೆ ಹನ್ನೊಂದು ಕುರ್ಚಿ, ಕಾಫಿ ಡಬ್ಬಗಳಲ್ಲಿ ಕುಂಚ,
ಮತ್ತೆ ಯೂಲಾಲಿ ಥೀಬೊಡೊ:
ಮೀನಿನ ಕಾರ್ಖಾನೆಯಿಂದ ರಬ್ಬರ್ ಬೂಟಿನಲ್ಲೇ ಬಂದವಳು,
ನಿಂಬೆ ಉಜ್ಜಿದರೂ ಕೈಯ ಹೆರಿಂಗ್ ವಾಸನೆ ಬಿಡದವಳು.

ಚಳಿಗಾಲದಲ್ಲಿ ಬೆಂಡುಗಳಿಗೆ ಬಣ್ಣ ಬಳಿಯುತ್ತಿದ್ದಳು,
ಲಾಬ್‌ಸ್ಟರ್ ಬೋನುಗಳ ನೆತ್ತಿಯ ಮೇಲೆ ತೇಲುವ ಬೆಂಡು.
ಓನೆಸಿಮ್‌ನದು ಹಳದಿಗೆ ಎರಡು ಕಪ್ಪು ಪಟ್ಟಿ,
ನಮ್ಮಪ್ಪನದು ಹಸಿರು, ಕೊರಳಿಗೊಂದು ಬಿಳಿ.
ಮಂಜು ಕವಿದಾಗ ಯಾರೂ ಹೆಸರು ಓದುವುದಿಲ್ಲ,
ಬಣ್ಣ ಓದುತ್ತಾರೆ ಅನ್ನುತ್ತಿದ್ದಳು.
ಒಂದು ಪಟ್ಟಿ ತಪ್ಪಿದರೆ ಒಬ್ಬನ ಊಟ ಇನ್ನೊಬ್ಬನ ತಟ್ಟೆಗೆ.

ಅವಳ ಫ್ರೆಂಚು ನಮ್ಮ ಕೊಲ್ಲಿಯದು,
ಹರಿದಲ್ಲಿ ಇಂಗ್ಲಿಷಿನ ತೇಪೆ ಹಾಕಿದ್ದು.
'ಚೆನ್ನಾಗಿದೆ' ಅನ್ನುವ ಮಾತು ಎರಡರಲ್ಲೂ ಅವಳಿಗೆ ಸಿಗಲಿಲ್ಲ.
ತೀರಾ ಮೆಚ್ಚಿದರೆ,
'ಹೂಂ, ಇದು ಇನ್ನೂ ಸತ್ತಿಲ್ಲ.'

ನೀಲಿ ಟ್ಯೂಬನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು.
ಸಮುದ್ರ ಬರೀಬೇಕಾ? ಕಿಟಕಿ ತೆಗಿ ಮೊದಲು.
ಹೊರಗೆ ಫೆಬ್ರವರಿ.
ನೀರು ಪಾತ್ರೆ ತೊಳೆದ ನೀರಿನ ಹಾಗೆ,
ಅದರಡಿ ಎಲ್ಲೋ ತುಸು ಹಸಿರು.
ನೀಲಿ ಎಲ್ಲಿದೆ, ತೋರಿಸು ಅಂದಳು.
ನಲವತ್ತು ವರ್ಷ ಅದೇ ನೀರಿನ ಮೇಲೆ ಬದುಕಿದ ಓನೆಸಿಮ್
ಬೆರಳೆತ್ತಿ, ಹಾಗೇ ಇಳಿಸಿಬಿಟ್ಟ.

ಸೈರನ್ ಕೂಗಿದರೆ ಅರ್ಧ ತರಗತಿ
ಕಂಬ ತಬ್ಬಿಕೊಂಡು ಕೆಳಗೆ ಜಾರುತ್ತಿತ್ತು.
ಝೆಲಿಯ ಕೊಟ್ಟಿಗೆ ಹತ್ತಿದ ರಾತ್ರಿ
ನಾವು ವಾಪಸಾದಾಗ ಎರಡು ಗಂಟೆ.
ದೀಪ ಉರಿಯುತ್ತಿತ್ತು. ಕುಂಚಗಳೆಲ್ಲ ತೊಳೆದಿದ್ದವು,
ನಮ್ಮ ಬಣ್ಣಗಳ ಮೇಲೆ ಒದ್ದೆ ಬಟ್ಟೆ ಹೊದಿಸಿತ್ತು.
ಅವಳು ಕೇಳಿದ್ದು ಒಂದೇ:
ಬೆಂಕಿ ಯಾವ ಬಣ್ಣ ಇತ್ತು?
ಕಿತ್ತಳೆ ಅಂದೆ.
ಸುಮ್ಮನೆ ನೋಡಿದಳು.
ಮಸಿ ಕೈಯಲ್ಲೇ ಕಣ್ಣು ಮುಚ್ಚಿಕೊಂಡೆ.
ನಡುವೆ ಬಿಳಿ, ಅಂದೆ. ಅದರಾಚೆ ಬಣ್ಣವೇ ಇರಲಿಲ್ಲ,
ಹಿಂದಿನ ಮರ ಮಾತ್ರ ನೀರಿನಲ್ಲಿದ್ದಂತೆ ನಡುಗುತ್ತಿತ್ತು.
ಅಷ್ಟು ಸಾಕು, ಮನೆಗೆ ಹೋಗು ಅಂದಳು.

ಪ್ರತಿ ಸೆಪ್ಟೆಂಬರಿಗೆ ಹನ್ನೊಂದು ಕ್ಯಾನ್ವಾಸು,
ಬೆಳ್ಳಗೆ, ಒಗೆದ ಹಾಸಿಗೆಯ ಹಾಗೆ.
ಎಲ್ಲಿಂದ ಬಂದವು ಅಂತ ಒಬ್ಬರೂ ಕೇಳಲಿಲ್ಲ.
ಕೊಟ್ಟ ಕೈಯನ್ನು ಕೇಳುವ ಅಭ್ಯಾಸ ನಮ್ಮಲ್ಲಿಲ್ಲ.

ಅವಳು ಹೋದಾಗ ಪತ್ರಿಕೆಯವನು ಬರೆದ:
ಬದುಕಿಡೀ ಒಂದೂ ಪ್ರದರ್ಶನ ಮಾಡಲಿಲ್ಲ,
ಮನೆಯಲ್ಲಿ ಸಿಕ್ಕಿದ್ದು ಮೂರೇ ಚಿತ್ರ.

ಆ ಚಳಿಗಾಲ, ಹೀಟರಿನ ಪಕ್ಕ ತೂಗುಹಾಕಿದ್ದ ನನ್ನ ಚಿತ್ರ
(ಹಡಗುಕಟ್ಟೆ; ಆಕಾಶ ಅಂಬಲಿಯಂತೆ ದಪ್ಪ)
ಮೂಲೆಯಲ್ಲಿ ಹಪ್ಪಳದ ಹಾಗೆ ಎದ್ದಿತು.
ಕೆಳಗೆ ಹಳದಿ. ಅಡುಗೆಮನೆಯ ಬೆಳಗಿನ ಹಳದಿ.
ಅದರಲ್ಲಿ ಒಬ್ಬ ಹೆಂಗಸಿನ ಮೊಣಕೈ,
ಮಡಚಿದ ತೋಳು, ಹಿಟ್ಟಿನ ಧೂಳು.

ಓನೆಸಿಮ್ ತನ್ನದನ್ನು ಬೋರಲು ಹಾಕಿ ನೋಡಿದ.
ಹಿಂದೆ ಇದ್ದಿಲಲ್ಲಿ ಒಂದು ವರ್ಷ,
ಅವನು ಇನ್ನೂ ಶಾಲೆಗೆ ಹೋಗುತ್ತಿದ್ದ ವರ್ಷ.
ಆಮೇಲೆ ನಾವು ಊರು ಸುತ್ತಿದೆವು:
ಬ್ಯಾಂಕು, ಕ್ಷೌರದಂಗಡಿ, ಪಾದ್ರಿಯ ಊಟದ ಕೋಣೆ,
ಆಸ್ಪತ್ರೆಯಲ್ಲಿ ಎಕ್ಸ್‌ರೇಗೆ ಕಾಯುವ ಬೆಂಚಿನ ಮೇಲೆ,
ನಮ್ಮ ಸೊಟ್ಟ ದೋಣಿಗಳು, ಕುಂಟು ಹಸುಗಳು,
ಒಂದೊಂದರ ಅಡಿಯಲ್ಲೂ ಅವಳು.

ಹ್ಯಾಲಿಫ್ಯಾಕ್ಸಿನಿಂದ ಒಬ್ಬಳು ಬಂದಳು, ತೆಳುಕೈಗವಸಿನವಳು.
ಮೇಲಿನ ಪದರ ಬಿಡಿಸಬಹುದು, ಹುಷಾರಾಗಿ, ಅಂದಳು.
ಮೇಲಿನ ಪದರ ಅಂದರೆ ನಾವು.
ಓನೆಸಿಮ್ ಟೋಪಿ ತಿರುಗಿಸುತ್ತ ಬಹಳ ಹೊತ್ತು ಕೂತಿದ್ದ.
'ನನ್ನ ದೋಣಿ ಮುಳುಗೋ ಹಾಗಿದೆ, ಒಪ್ಪಿದೆ.
ಆದರೆ ಅದನ್ನ ಅವಳು ನೋಡಿದಾಳೆ.'

ಇನ್ನೂ ತೀರ್ಮಾನ ಆಗಿಲ್ಲ.
ನನ್ನದನ್ನು ಹೀಟರಿನಿಂದ ದೂರ ಸರಿಸಿದ್ದೇನೆ,
ಎದ್ದ ಮೂಲೆಯನ್ನು ಅಂಟಿಸಿಲ್ಲ.
ಮಂಗಳವಾರ ಬಾಗಿಲು ತೆಗೆಯುವವನು ಈಗ ನಾನು.
ಕಿಟಕಿಯನ್ನೂ ತೆಗೆಯುತ್ತೇನೆ. ಚಳಿ ಅಂತ ಹುಡುಗರು ಗೊಣಗುತ್ತಾರೆ.
ನೀಲಿ ಟ್ಯೂಬು ಬೀರುವಿನಲ್ಲೇ ಇದೆ.
ಬೀಗದಕೈ ಎಲ್ಲಿಟ್ಟಳೋ, ನಾನು ಹುಡುಕಿಲ್ಲ.