ಒಂದು ಗೇಣು

ನಡುರಾತ್ರಿಯಲ್ಲೂ ಮುಳುಗದ ಸೂರ್ಯ
ತಾನಾ ಹೊಳೆಯ ಮೇಲೆ.
ಮುಕ್ಕಾಲು ಗಂಟೆ ಹಿಡಿದಿದ್ದಳು ರಾವ್ನಾ,
ಮುಂಗೈ ನೋವು ಭುಜಕ್ಕೇರುವವರೆಗೂ.
ಒಮ್ಮೆ ಮಗ್ಗುಲು ತೋರಿತು ಸಾಲ್ಮನ್,
ತೊಟ್ಟಿಲಷ್ಟುದ್ದ ಬೆಳ್ಳಿ.
ಆಮೇಲೆ ದಾರ ಸುಮ್ಮನೆ ಹಗುರ.

ಬೈಯಲಿಲ್ಲ. ಗಾಳ ಮತ್ತೆ ಎಸೆಯಲೂ ಇಲ್ಲ.
ಕಲ್ಲ ಮೇಲೆ ಕೂತು ಕಾಫಿ ಕಾಯಿಸಿದಳು,
ಸಕ್ಕರೆ ಮರೆತಳು, ಹಾಗೇ ಕುಡಿದಳು.
ಸೊಳ್ಳೆಗಳಿಗೆ ಕೈ ಬಿಟ್ಟುಕೊಟ್ಟಳು.

ದೋಣಿ ದಡಕ್ಕೆಳೆಯುತ್ತ ಅಣ್ಣ ಇಸಾಕ್
“ಎಷ್ಟಿತ್ತು?” ಅಂದ.
ಎರಡೂ ಕೈ ಅಗಲಿಸಿದಳು, ಇನ್ನೂ ಸ್ವಲ್ಪ.
ಅವನ ಹುಬ್ಬು ಏರಿದ್ದು ಕಂಡು
ಒಂದು ಗೇಣು ಒಳಗೆ ತಂದಳು.

ಆ ಒಂದು ಗೇಣೇ
ಮನೆಯವರೆಗೂ ಕೊರೆಯಿತು.

ಜೇಬಿನಲ್ಲಿ ಕೊಕ್ಕೆ, ಬಾಗು ಬಿಚ್ಚಿ
ದಬ್ಬಳದಂತೆ ನೆಟ್ಟಗೆ.
ತೋರಿಸಬಹುದಿತ್ತು.
ಬೆರಳು ಅದರ ಮೊನೆ ಹುಡುಕಿ
ಮೆಲ್ಲಗೆ ಒತ್ತಿ ನೋಡಿತು:
ಇನ್ನೂ ಚೂಪು.