ಕಿತ್ತ ಬೆಲಿ

ಕಾಜಿಸಾಬರು ಕಿತಾಬಿನ ಹಾಳಿ ತಿರುವಿ
ಒಂದು ಸಾಲಿನ ಮ್ಯಾಲೆ ಬಟ್ಟಿಟ್ಟರು:
ಕರಾರು ಮುಗೀತಂದರ
ಜಾಗಾ ಮಾಲಕರಿಗಿ ಖಾಲಿ ಮುಟ್ಟಬೇಕು.
ಗ್ವಾಡಿಗಿ ನೋವಾಗದಂಗ
ಬಿಚ್ಚಾಕ ಬಂದದ್ದು ನಿಂದು, ಮಾಶಾಬಿ.

ಫ್ಯಾನು ಬಿಚ್ಚಿದೆ.
ನಳದ ತೋಟಿ ತಿರುವಿದೆ, ಕಡೀ ಹನಿ
ನನ್ನ ಅಂಗೈಯಾಗೇ ಬಿತ್ತು.
ಪತ್ರಾಸು ನಾಕು, ತೂತು ಬಿದ್ದದ್ದೂ ಸೇರಿ.
ಹೊಲಿಗಿ ಮಷಿನ್ನು ಅಲಗ್ಯಾಡಬಾರದಂತ ಹಾಕಿದ
ಶಹಾಬಾದ ಫರಸಿ ಒಂದು.
ಜಮಾದಾರರು ಹೊಸ್ತಿಲದಾಗ ನಿಂತು
ಎಲ್ಲಾದಕ್ಕೂ ಹೂಂ ಅಂದರು.
ಕೆಟ್ಟ ಮನಷ್ಯಾ ಅಲ್ಲ. ಮಗನ ಲಗ್ನ ಐತಿ, ಮನಿ ಬೇಕು.

ಆಮ್ಯಾಲೆ ಅಂಗಳದ ನಿಂಬಿಗಿಡ.
ಇಂಡಿಯಿಂದ ಬಸ್ಸಿನಾಗ
ಮೊಣಕಾಲ ಸಂದಿ ಹಿಡಕೊಂಡು ತಂದ ಸಸಿ.
ಹದಿನಾಕು ವರ್ಷ ಅಕ್ಕಿ ತೊಳದ ನೀರು,
ನಮ್ಮವರು ವಜೂ ಮಾಡಿದ ನೀರು.

ಕೀಳಿದರ ನೆಲಾ ಕೆಡತೈತಿ, ಅಂದರು ಕಾಜಿಸಾಬರು,
ಮಾಲಕರು ಬೆಲಿ ಕೊಟ್ಟು ಇಟಗೋಬಹುದು.
ನಿಂತ ಗಿಡದ ಬೆಲಿ ಅಲ್ಲ,
ಕಿತ್ತ ಗಿಡದ ಬೆಲಿ.
ಅದರಾಗ ಕೀಳೂ ಕೂಲಿ ಮುರಕೊಂಡು.

ಗಿಡ ನಿಂತೇ ಇತ್ತು.
ಅದರ ಎದರಿಗೇ ಅದನ್ನ ನೆಲಕ್ಕ ಕೆಡವಿ
ಲೆಕ್ಕಾ ಹಾಕಿದಿವಿ:
ಕಟಿಗಿ ಎರಡು ಹೊರಿ. ಕೊಡಲಿಯವನ ಪಗಾರ ಕಳದು
ನೂರಾ ನಲವತ್ತು.
ಮುಳ್ಳಿಗಿ ಏನೂ ಇಲ್ಲ.

ಕಡೀಕ ಒಳಗಿನ ಮಣ್ಣಗ್ವಾಡಿ.
ಅಲ್ಲೊಂದು ಮಾಡ.
ನಬಿಲಾಲ ಇದ್ದಾಗ, ಕುರಾನ್ ಇಡಾಕಂತ
ಮೂರು ರಾತ್ರಿ ಉಳಿ ಹಿಡದು ಕೊರದದ್ದು.
ಇದನ್ನ ಹೆಂಗ ಬಿಚ್ಚಲಿ, ಸಾಬರ?
ತೂತನ್ನ ಗಂಟು ಕಟಗೊಂಡು
ಮನಿ ಬಿಟ್ಟವರು ಯಾರರ ಅದಾರೇನು?

ಹಿಂದಿನ ಹಾಳಿಗಿ ಹ್ವಾದರು, ಮುಂದಿನದಕ್ಕ ಬಂದರು,
ಚಾಳೀಸು ತಗದು ಒರಸಿದರು.
ನಿನ್ನ ಗಂಡ ಕೂಡಿಸಿಲ್ಲವಾ, ಕಳದಾನ.
ತಗದ ಮಣ್ಣು ಎಲ್ಲೈತಿ? ಅದು ಮಾಲಕರದು.

ಗಿಡದ ಬುಡಕ ಹಾಕೇವಿ, ಅಂದೆ.

ಜಮಾದಾರರು ಗ್ವಾಡಿ ನೋಡಿದರು.
ಗಿಡಾ ನೋಡಿದರು.
ಅವರ ಗ್ವಾಡಿ ಟೊಂಗಿ ಒಡದು
ಹೂವು ಹೊತ್ತು ನಿಂತಿತ್ತು.

ಸಾಬರು ಕಿತಾಬು ಮುಚ್ಚಿ
ಸರಬತ್ತು ಮಾಡು ಅಂದರು.
ಎರಡು ಕಾಯಿ ಹರದೆ. ಯಾರ ಕಾಯಿ ಅಂತ
ಯಾರೂ ಕೇಳಲಿಲ್ಲ.
ನೂರಾ ನಲವತ್ತು ಎಣಿಸಿ ಕೊಟ್ಟರು,
ಎಣಿಸಿ ತಗೊಂಡೆ. ಯಾಕ ಬಿಡಲಿ?
ಮಾಡ ಮುಚ್ಚಸೂದಿಲ್ಲ ಅಂತ ಜಮಾದಾರರು
ತಾವs ಅಂದರು, ಗಿಲಾಸಿನ ಕಡೆ ನೋಡಕೋತ.

ಅಥಣಿ ರಸ್ತೆದ ಬಾಡಿಗಿ ಮನ್ಯಾಗ
ಗಂಟು ಬಿಚ್ಚಿದಾಗ,
ತೊಳಿಯದ ಗಿಲಾಸಿನ ತಳಕ್ಕ
ಅಂಟಿಕೊಂಡ ಬೀಜ ಮೂರು.

ಮೊಳಿ ಹೊಡಿಯೂದಿಲ್ಲ ಅಂತ
ಹೊಸಾ ಮಾಲಕರಿಗಿ ಮಾತು ಕೊಟ್ಟೀನಿ.
ಮೊಳಕಿ ಸುದ್ದಿ
ಅವರು ತಗೀಲಿಲ್ಲ.